ಫೋನು ಹೋಗ್ತಾ ಇಲ್ಲವೇ?

ಮನೆಯಲ್ಲಿ ಎಷ್ಟೇ ಕೆಲಸವಿರಲಿ, ದಿನಕ್ಕೊಮ್ಮೆ ತವರಿನವರ ದನಿ ಕೇಳದೆ ಇರುವವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಬೇಯುವಾಗ ಸಿಗುವ ಹತ್ತು ನಿಮಿಷ ನಮ್ಮದೇ. ಆ ಹೊತ್ತಿನಲ್ಲಿ ಅಮ್ಮನ ದನಿಯ ಬದಲು ಯಾವಳೋ ಒಬ್ಬಳು ರಾಗವಾಗಿ, ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದರೆ ಹೇಗಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನೆಯ ಸಲವೂ ಅದೇ ಪಾಠ. ಮೂರನೆಯ ಸಲ 'ಸ್ವಿಚ್ ಆಫ್'. ಅಷ್ಟರಲ್ಲಿ ಗಂಜಿ ಉಕ್ಕಿ ಒಲೆಯೂ ಆರಿರುತ್ತದೆ.

ನನ್ನ ಮನೆ ಕುಂದಾಪುರದಲ್ಲಿ. ತವರು ಕೊಲ್ಲೂರಿನ ಕಡೆ, ಘಟ್ಟದ ಬುಡದಲ್ಲಿ. 2018ರಿಂದ ಅದು ಬೈಂದೂರು ತಾಲೂಕು. ತಂಗಿಯನ್ನು ಕೊಟ್ಟದ್ದು ಬ್ರಹ್ಮಾವರಕ್ಕೆ. ಮೂರು ಮನೆಗಳ ನಡುವೆ ಈ ಫೋನಿನ ರಗಳೆಯನ್ನು ನೋಡಿ ನೋಡಿ ನನಗೆ ಒಂದಿಷ್ಟು ತಿಳಿದಿದೆ, ನಿಮಗೂ ಉಪಯೋಗವಾದೀತು.

ಹಿಂದೆ ಟ್ರಂಕ್ ಕಾಲ್ ಇತ್ತಲ್ಲ, ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಎಕ್ಸ್‌ಚೇಂಜಿಗೆ ಹೇಳಿ ಬುಕ್ ಮಾಡಿ, ಅರ್ಧ ದಿನ ಕಾಯುವುದು. ಅರ್ಜೆಂಟ್ ಎಂದರೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್ ಎಂದರೆ ಎಂಟು ಪಟ್ಟು. ಆದರೂ ಆ ಕಡೆ ಒಬ್ಬ ಮನುಷ್ಯರಿರುತ್ತಿದ್ದರು. "ಲೈನೇ ಸಿಗ್ತಾ ಇಲ್ಲಮ್ಮ, ಮಳೆಗೆ ತಂತಿ ಬಿದ್ದಿರ್ಬೇಕು" ಅನ್ನುವ ಒಂದು ಮಾತು ಸಿಗುತ್ತಿತ್ತು. ಈಗಿನ ರಾಗದ ಹೆಂಗಸಿಗೆ ಏನೂ ಗೊತ್ತಿಲ್ಲ. ಅವಳು ಹೇಳುವುದನ್ನು ನಾವೇ ಬಿಡಿಸಿಕೊಳ್ಳಬೇಕು.

ಮೊಬೈಲನ್ನು ಬಟನ್ ಒತ್ತಿ ಬಂದ್ ಮಾಡಿದರೆ, ಆರುವ ಮೊದಲು ಅದು ಟವರಿಗೆ 'ನಾನು ಹೊರಟೆ' ಎಂದು ತಿಳಿಸಿಯೇ ಆರುತ್ತದೆ. ಆಗ ನಮಗೆ ಕೇಳುವುದು ಸ್ವಿಚ್ ಆಫ್ ಎಂಬ ಮಾತು. ಗುಡ್ಡದ ಮರೆಗೆ ಹೋಗಿ ಸಿಗ್ನಲ್ ತಪ್ಪಿದರೆ ಏನೂ ಹೇಳದೆ ಕಾಣೆಯಾಗುತ್ತದೆ. ಟವರು ಹುಡುಕಿ ಸೋತು, ವ್ಯಾಪ್ತಿಯ ಹೊರಗೆ ಎನ್ನುತ್ತದೆ. ಆದರೆ ಬಹಳ ಹೊತ್ತು ಫೋನಿನ ಸುದ್ದಿಯೇ ಇಲ್ಲದಿದ್ದರೆ ಅದನ್ನೂ ಆರಿದ ಲೆಕ್ಕಕ್ಕೇ ಸೇರಿಸಿಬಿಡುವುದುಂಟು. ಅಂದರೆ, ಸ್ವಿಚ್ ಆಫ್ ಎಂದ ಮಾತ್ರಕ್ಕೆ ಯಾರೋ ಸಿಟ್ಟಿನಿಂದ ಬಂದ್ ಮಾಡಿದರು ಎಂದಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಅತ್ತೆ ಸೊಸೆಯರು ಮುಖ ಊದಿಸಿಕೊಂಡಿಲ್ಲ!

ಒಂದು ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ತವರಿನಲ್ಲಿ ಅಮ್ಮ ಒಬ್ಬರೇ. ಮೂರನೆಯ ದಿನ ಸಂಜೆ ಬ್ರಹ್ಮಾವರದಿಂದ ತಂಗಿಯ ಫೋನು. ಅಳುತ್ತಿದ್ದಳು. "ಅಕ್ಕಾ, ಬೆಳಿಗ್ಗೆಯಿಂದ ಅಮ್ಮಂಗೆ ಫೋನ್ ಹೋತೇ ಇಲ್ಲ. ಬಚ್ಚಲಿನ ಹತ್ರ ಜಾರಿದ್ರೆ ಎಂತ ಮಾಡೂದು?" ನಮ್ಮನೆಯವರು ಆಗಲೇ ಕಾರಿನ ಕೀಲಿ ಹುಡುಕತೊಡಗಿದ್ದರು. ಆ ಕತ್ತಲಲ್ಲಿ, ಮರ ಬಿದ್ದ ದಾರಿಯಲ್ಲಿ!

"ಸ್ವಲ್ಪ ತಡೀರಿ" ಎಂದು ನಾನು ಅದೇ ಊರಿನ ಬೇರೆ ನಂಬರುಗಳಿಗೆ ಹಚ್ಚಿದೆ. ಪಕ್ಕದ ಮನೆಗೆ ಹೋಗಲಿಲ್ಲ. ಅಂಗಡಿಗೂ ಹೋಗಲಿಲ್ಲ. ಮೂವರದೂ ಒಂದೇ ಕಂಪನಿಯ ಸಿಮ್ಮು. ಕೆಟ್ಟದ್ದು ಅಮ್ಮನ ಫೋನಲ್ಲ, ಟವರು ಎಂದು ಅಲ್ಲೇ ಅರ್ಧ ಜೀವ ಬಂತು. ಕರೆಂಟು ಹೋದರೆ ಟವರು ನಡೆಯುವುದು ಬ್ಯಾಟರಿ, ಡೀಸೆಲ್‌ನಲ್ಲಿ. ಅದೂ ಮುಗಿದರೆ ಊರಿಗೆ ಊರೇ ಮೌನ. ತೋಟದಾಚೆಯ ಮನೆಯ ಹುಡುಗನದು ಬೇರೆ ಕಂಪನಿ, ಅವನಿಗೆ ರಿಂಗಾಯಿತು. ಪಾಪ, ಕೊಡೆ ಹಿಡಿದು ಹೋಗಿ ಅಮ್ಮನ ಕೈಗೆ ಫೋನು ಕೊಟ್ಟ. ಅಮ್ಮ ಹೇಳಿದ್ದು ಇಷ್ಟೇ: "ಅವ್ಳ್ ಎಂತಕೆ ಮರ್ಕೂದ್? ಈ ಮಳಿಯಂಗೆ ನಾನ್ ಎಲ್ಲಿಗ್ ಹೋಪ್ದ್?" (ಮರ್ಕುವುದೆಂದರೆ ನಮ್ಮ ಕಡೆ ಅಳುವುದು.)

ಆದ್ದರಿಂದ ನೀವೂ ಒಂದು ಕೆಲಸ ಮಾಡಿ. ವಯಸ್ಸಾದವರಿರುವ ಮನೆಯ ಅಕ್ಕಪಕ್ಕದ ಎರಡು ನಂಬರು, ಅವೂ ಬೇರೆ ಬೇರೆ ಕಂಪನಿಯವು, ಕ್ಯಾಲೆಂಡರಿನಲ್ಲಿ ಬರೆದಿಡಿ. ಎಲ್ಲರಿಗೂ ಹೋಗದಿದ್ದರೆ ದೋಷ ಊರಿನದು. ಉಳಿದವರಿಗೆಲ್ಲ ಹೋಗಿ ಇವರೊಬ್ಬರಿಗೇ ಹೋಗದಿದ್ದರೆ ತಡಮಾಡದೆ ಯಾರನ್ನಾದರೂ ಕಳಿಸಿ. ಒಂದು ಎಸ್ಸೆಮ್ಮೆಸ್ ಕೂಡ ಹಾಕಿಡಿ. ಕರೆಯ ಹಾಗಲ್ಲ ಅದು; ಹೋಗಿ ಕಾದು ಕೂತು, ಫೋನು ಮತ್ತೆ ಜೀವ ಹಿಡಿದಾಗ ತಲುಪುತ್ತದೆ. ಕೇಬಲ್ ಇಂಟರ್ನೆಟ್ ಬಂದ ಮನೆಯಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಇದೆಯೇ ನೋಡಿ, ಇದ್ದರೆ ಹಾಕಿಸಿ. ಟವರಿನ ಹಂಗಿಲ್ಲದೆ ಮಾಮೂಲಿ ನಂಬರಿಗೇ ಕರೆ ಬರುತ್ತದೆ. ತವರಿನಲ್ಲಿ ಈಗ ಅದೇ. ಕರೆಂಟು ಹೋದರೆ ಇನ್‌ವರ್ಟರ್ ಬೇಕು, ಅದು ಬೇರೆ ಮಾತು.

ಟವರು, ಮಳೆ ಯಾವುದೂ ಅಲ್ಲದ ಸಣ್ಣ ಕಾರಣಗಳೂ ಇವೆ. ಕರೆ ಸ್ವೀಕರಿಸಲು ಮಾತ್ರ ಫೋನು ಇಟ್ಟುಕೊಂಡ ಅಜ್ಜಿಯಂದಿರು ರೀಚಾರ್ಜ್ ಯಾಕೆ ಎನ್ನುತ್ತಾರೆ. 2018ರ ಕೊನೆಯಿಂದ ಕಂಪನಿಗಳು ಒಂದೊಂದಾಗಿ ಕನಿಷ್ಠ ರೀಚಾರ್ಜು ತಂದವು. ಅವಧಿ ಮುಗಿದು ಕೆಲ ದಿನಕ್ಕೆ ಬರುವ ಕರೆಯೂ ನಿಲ್ಲುತ್ತದೆ. ಮೊಮ್ಮಕ್ಕಳು ಆಟವಾಡಿ ಏರೋಪ್ಲೇನ್ ಗುರುತು ಒತ್ತಿಟ್ಟಿರುತ್ತಾರೆ. ಗುರುತು ಹಾಕದೆಯೂ ಫೋನು ಮಂಕಾಗಿದ್ದರೆ ಅದನ್ನೇ ಒತ್ತಿ, ಹತ್ತು ಎಣಿಸಿ ತೆಗೆಯಿರಿ; ಫೋನು ಟವರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ.

ಮನೆಯ ಲ್ಯಾಂಡ್‌ಲೈನ್ ಇನ್ನೂ ಬಿಡದವರು ಕೇಳಿ. ಅದರಿಂದ ಯಾವ ಮೊಬೈಲಿಗೆ ಮಾಡುವುದಾದರೂ ಮೊದಲು ಸೊನ್ನೆ ಒತ್ತಬೇಕು. 2021ರ ಜನವರಿ 15ರಿಂದ ಇದು ನಿಯಮ. ಮೊಬೈಲಿನಿಂದ ಲ್ಯಾಂಡ್‌ಲೈನಿಗಾದರೆ ಕೋಡು ಬೇಕೇ ಬೇಕು: ಕುಂದಾಪುರ, ಬೈಂದೂರಿಗೆ 08254, ಬ್ರಹ್ಮಾವರಕ್ಕೆ ಉಡುಪಿಯದೇ ಆದ 0820. ಎದುರಿನ ಸೊನ್ನೆ ಬಿಟ್ಟು ಎಣಿಸಿದರೆ ಒಟ್ಟು 10 ಅಂಕೆ ಬರಬೇಕು. ಹಳೆಯ ಡೈರಿಯಲ್ಲಿ ಬರೆದ ಕುಂದಾಪುರದ ನಂಬರು 5 ಅಂಕೆಯದಾಗಿದ್ದರೆ ಅದರ ಎದುರಿಗೆ 2 ಸೇರಿಸಿ ನೋಡಿ.

ಇನ್ನು ಮೋಸಗಾರರ ಸಂಗತಿ. ನಿಮ್ಮ ಫೋನಿಗೆ ಯಾರ ಕರೆಯೂ ಬರುತ್ತಿಲ್ಲವೇ? ಇತ್ತೀಚೆಗೆ ಯಾರಾದರೂ 'ಕಂಪನಿಯಿಂದ ಮಾತಾಡೋದು, ಸ್ಟಾರ್ 401 ಸ್ಟಾರ್ ಒತ್ತಿ ಈ ನಂಬರ್ ಹಾಕಿ' ಅಂದಿದ್ದರೇ? ಹಾಗೆ ಒತ್ತಿದರೆ ನಿಮ್ಮ ಕರೆಗಳೆಲ್ಲ ಅವನ ಫೋನಿಗೆ ತಿರುಗುತ್ತವೆ, ಬ್ಯಾಂಕಿನ ಕರೆಯೂ ಸೇರಿ. ಕೂಡಲೇ ಕಂಪನಿಯ ಅಂಗಡಿಗೆ ಹೋಗಿ 'ಕಾಲ್ ಫಾರ್ವರ್ಡಿಂಗ್' ತೆಗೆಸಿ. ದುಡ್ಡು ಹೋಗಿದ್ದರೆ 1930ಕ್ಕೆ ದೂರು ಕೊಡಿ.

ದುಬೈ, ಅಬುಧಾಬಿಯಲ್ಲಿ ಮಕ್ಕಳಿರುವವರಿಗೆ ಒಂದೇ ಮಾತು. ಅಲ್ಲಿಗೆ ವಾಟ್ಸಾಪಿನಲ್ಲಿ ಫೋಟೊ, ಸಂದೇಶ ಹೋಗುತ್ತದೆ. ಕರೆ ಮಾತ್ರ ಸೇರದು. ಆ ದೇಶವೇ ತಡೆದಿದೆ. ಸೊಸೆ ಎತ್ತುವುದಿಲ್ಲ ಎಂದು ದೂರಬೇಡಿ ಮತ್ತೆ.

ಆದರೆ ಸಮುದ್ರದ ಕತೆ ಬೇರೆ. ಗಂಗೊಳ್ಳಿಯ ನನ್ನ ಗೆಳತಿಯ ಗಂಡ ಆಳಸಮುದ್ರದ ಬೋಟಿಗೆ ಹೋಗುವವರು. ದಡ ದಾಟಿ ಒಂದಿಷ್ಟು ದೂರ ಹೋದರೆ ಮೊಬೈಲು ಸತ್ತ ಹಾಗೆಯೇ, ಅದಕ್ಕೆ ಅವಳು ಹೆದರುವುದಿಲ್ಲ. ಬೋಟಿನಿಂದ ಬೋಟಿಗೆ ವಯರ್‌ಲೆಸ್ ಇರುತ್ತದೆ, ಮಾಲೀಕರ ಮನೆಗೆ ಹೇಗೋ ಸುದ್ದಿ ಬರುತ್ತದೆ. ಅವಳು ಹೆದರುವುದು ವಯರ್‌ಲೆಸ್ಸೂ ಸುಮ್ಮನಾದಾಗ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ 7 ಮಂದಿಯೊಂದಿಗೆ ಹೊರಟ 'ಸುವರ್ಣ ತ್ರಿಭುಜ' ಬೋಟಿನ ಸಂಪರ್ಕ ಎರಡೇ ದಿನದಲ್ಲಿ ಕಡಿಯಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ನೌಕಾಪಡೆಗೆ ಸಿಕ್ಕಿದ್ದು 2019ರ ಮೇಯಲ್ಲಿ. ಅಷ್ಟು ತಿಂಗಳು ಆ ಮನೆಗಳ ಹೆಂಗಸರು ಎಷ್ಟು ಸಲ ಆ ನಂಬರುಗಳನ್ನು ಒತ್ತಿರಬಹುದು!

ಗೆಳತಿಯ ಅಡುಗೆಮನೆಯ ಗೋಡೆಯ ಮೇಲೆ ಎರಡು ನಂಬರು ಬರೆದಿವೆ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಬೋಟು ಹೊರಡುವ ಮೊದಲೇ ಗಂಡನನ್ನು ಕೇಳಿಟ್ಟುಕೊಳ್ಳುತ್ತಾಳೆ, ಯಾವ ದಿನ ದಡಕ್ಕೆ, ಜತೆಗೆ ಯಾವ ಬೋಟು, ಎಷ್ಟು ಹೊತ್ತಿನ ತನಕ ಕಾಯಬೇಕು ಎಂದು. "ಅದ್ರಿಂದಾಚೆ ನಾ ಕಾಯೂದಿಲ್ಲ ಮರಾಯ್ತಿ, ಫೋನ್ ಹಚ್ಚೂದೇ" ಅನ್ನುತ್ತಾಳೆ.