ಸೆಟ್ಟಿಂಗ್ಸಿನೊಳಗೆ ಸಿಕ್ಕ ಅಜ್ಜ

ಜೀವನದಲ್ಲಿ ನಾನು ಚಾಂಪಿಯನ್ ಆಗಿದ್ದು ಒಂದೇ ಒಂದು ಗೇಮಿನಲ್ಲಿ. 2004ರ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಹಟ ಮಾಡಿ ಕೊಡಿಸಿಕೊಂಡ, ಅಂಗೈಯಗಲದ ಬ್ರಿಕ್ ಗೇಮು ಅದು. ಬೂದು ಪರದೆ, ಕಪ್ಪು ಇಟ್ಟಿಗೆಗಳು. ಮೇಲಿಂದ ಬೀಳುವುದನ್ನು ತಿರುಗಿಸಿ ಕೂರಿಸಬೇಕು, ಅಷ್ಟೇ. ನಮ್ಮೂರಿನ ಹುಡುಗರಲ್ಲಿ ನನ್ನ ಸ್ಕೋರನ್ನು ಮುಟ್ಟಿದವರಿರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಬಣ್ಣ ಬಂತು, ನಾನು ಸೋಲಲು ಶುರುಮಾಡಿದೆ. ಒಂದೇ ಬಣ್ಣದ ಮೂರು ಗುಂಡು ಸೇರಿಸಿ ಒಡೆಯುವ ಆಟವಿತ್ತಲ್ಲ, ಅದರಲ್ಲಿ ನನಗಿಂತ ಸಣ್ಣ ಹುಡುಗರೂ ಗೆಲ್ಲುತ್ತಿದ್ದರು. ನನಗೆ ತಾಳ್ಮೆ ಇಲ್ಲ ಅಂತ ತೀರ್ಮಾನವಾಯಿತು. ನಾನೂ ಅದನ್ನು ಒಪ್ಪಿಕೊಂಡೆ.

ಇದೇ ತೀರ್ಮಾನ ತೋಟದಲ್ಲೂ ಆಗಿತ್ತು. ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ತೋಟ. ಮೆಣಸು ಕೊಯ್ಯಲು ಒಂದು ಸರಳ ಲೆಕ್ಕವಿದೆ: ಗೊಂಚಲಿನಲ್ಲಿ ಒಂದೆರಡು ಕಾಳು ಹಣ್ಣಾಗಿ ಕೆಂಪಾದರೆ ಆ ಗೊಂಚಲು ಕೊಯ್ಯಬಹುದು. ಪೂರ್ತಿ ಹಸಿರಿದ್ದರೆ ಬಿಡಬೇಕು. ಏಳನೇ ತರಗತಿಯ ರಜೆಯಲ್ಲಿ ಅಪ್ಪಯ್ಯ ನನ್ನನ್ನು ಏಣಿ ಹತ್ತಿಸಿದ. ಅರ್ಧ ಗಂಟೆ ಬಿಟ್ಟು ಬಂದು ಬುಟ್ಟಿ ನೋಡಿದ. ಎಳೆಯದೂ ಬಲಿತದ್ದೂ ಎಲ್ಲ ಒಟ್ಟಿಗೆ ಇತ್ತು. "ಕಣ್ಣು ಎಲ್ಲಿಟ್ಗಂಡಿದ್ದೆ ಮಾಣಿ? ಹಣ್ಣಾದ್ದು ಕಾಣ್ತಿಲ್ಯ?"

ಕಾಣ್ತಿತ್ತು ಅಂತಲೇ ನಾನು ಹೇಳಿದ್ದು. ಯಾಕಂದರೆ ನನಗೆ ಎಲ್ಲವೂ ಕಾಣುತ್ತಿತ್ತು! ಗೊಂಚಲು, ಎಲೆ, ಅದರ ಮೇಲಿನ ಕೆಂಚಿರುವೆ ಎಲ್ಲ. ಕಾಣದೇ ಇರುವುದು ಯಾವುದು ಅಂತ ಕಾಣದವನಿಗೆ ಹೇಗೆ ಗೊತ್ತಾಗಬೇಕು? ಎರಡು ವರ್ಷ ಹೀಗೇ ಬೈಸಿಕೊಂಡ ಮೇಲೆ 'ಇವ ತೋಟದ ಕೆಲಸಕ್ಕೆ ಲಾಯಕ್ಕಿಲ್ಲ, ಓದಲಿ' ಅಂತಾಯಿತು. ಓದಿದೆ, ಬೆಂಗಳೂರಿಗೆ ಹೋದೆ, ಸಾಫ್ಟ್‌ವೇರ್ ಕೆಲಸ ಹಿಡಿದೆ. ಜನ ಇದನ್ನು ಸಾಧನೆ ಅಂದರು. ಒಳಗೆ ಮಾತ್ರ, ಅಪ್ಪಯ್ಯನ ಒಂದು ಪರೀಕ್ಷೆಯಲ್ಲಿ ಫೇಲಾಗಿ ಬಂದವ ಅನ್ನುವ ಕಿರಿಕಿರಿ ಇದ್ದೇ ಇತ್ತು.

2020ರ ಲಾಕ್‌ಡೌನ್ ಎಲ್ಲರಂತೆ ನನ್ನನ್ನೂ ಊರಿಗೆ ತಂದು ಕೂರಿಸಿತು. ಹಗಲು ಸಿಗ್ನಲ್ ಸಿಗುವ ಗುಡ್ಡದ ತುದಿಯಲ್ಲಿ ಆಫೀಸು, ಸಂಜೆ ಅದೇ ಗುಡ್ಡದಲ್ಲಿ ಆಫೀಸಿನ ದೋಸ್ತರ ಜೊತೆ ಪಬ್‌ಜಿ. ಗೊತ್ತಿಲ್ಲದವರಿಗೆ ಒಂದು ಮಾತು: ಅದರಲ್ಲಿ ನಾಲ್ಕು ಜನರ ತಂಡ, ಒಬ್ಬೊಬ್ಬರಿಗೆ ಒಂದು ನಂಬರು, ಒಂದು ಬಣ್ಣ. ಮ್ಯಾಪಿನಲ್ಲಿ ಗುರುತು ಹಾಕಿದರೆ ಅವರವರ ಬಣ್ಣದಲ್ಲೇ ಬೀಳುತ್ತದೆ. ಒಂದು ಸಂಜೆ ದೋಸ್ತ "ಆರೆಂಜ್ ಮಾರ್ಕ್ ಹತ್ರ ಬಾರೋ" ಅಂತ ಕೂಗಿದ. ನಾನು ಸೀದಾ ಗ್ರೀನ್ ಮಾರ್ಕಿನ ಕಡೆ ಓಡಿ ಗುಂಡು ತಿಂದು ಸತ್ತೆ. ಮಾರನೇ ದಿನವೂ ಅದೇ. ಮೂರನೇ ಸಲ ಅವ ತಮಾಷೆಗೆ ಕೇಳಿದ, "ನೀನೇನು ಕಲರ್ ಬ್ಲೈಂಡಾ? ಸೆಟ್ಟಿಂಗ್ಸಲ್ಲಿ ಆಪ್ಷನ್ ಇದೆ, ಹಾಕ್ಕೊ ಮಾರಾಯ."

ತಮಾಷೆಗೇ ಹೋಗಿ ನೋಡಿದೆ. ನಿಜಕ್ಕೂ ಇತ್ತು! ಪ್ರೊಟನೋಪಿಯಾ, ಡ್ಯೂಟರನೋಪಿಯಾ, ಟ್ರೈಟನೋಪಿಯಾ ಅಂತ ಮೂರು ಉದ್ದುದ್ದ ಹೆಸರು. ಒಂದೊಂದೇ ಒತ್ತಿದೆ. ಅದರಲ್ಲೊಂದನ್ನು ಒತ್ತಿದಾಗ, ಅಷ್ಟು ದಿನ ಒಂದೇ ಅಂದುಕೊಂಡಿದ್ದ ಎರಡು ಗುರುತು ಬೇರೆ ಬೇರೆಯಾಗಿ ನಿಂತವು. ಹೊಸ ಬಣ್ಣ ಕಂಡಿತು ಅಂತೇನಲ್ಲ. ನನ್ನ ಕಣ್ಣು ಗುರುತಿಸಬಲ್ಲ ಬೇರೆ ಬಣ್ಣಗಳಿಗೆ ಆಟವೇ ಬದಲಾಗಿತ್ತು, ಅಷ್ಟೆ. ಆದರೆ ಇಪ್ಪತ್ತೈದು ವರ್ಷದಲ್ಲಿ 'ನಿನಗೆ ಹೇಗೆ ಕಾಣುತ್ತದೆ' ಅಂತ ನನ್ನನ್ನು ಮೊದಲು ಕೇಳಿದ್ದು ಮನೆಯವರಲ್ಲ, ಮಾಸ್ತರರಲ್ಲ, ಗುಂಡು ಹಾರಿಸುವ ಒಂದು ಮೊಬೈಲ್ ಗೇಮು. ಗುಡ್ಡದ ಮೇಲೆ ಒಬ್ಬನೇ ಕೂತು ಸುಮಾರು ಹೊತ್ತು ಆ ಆಪ್ಷನ್ ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿದೆ. ಕಣ್ಣು ಒದ್ದೆಯಾಗಿತ್ತು ಅಂತ ಹೇಳಿದರೆ ನಗಬೇಡಿ.

ಓಡಾಟ ಶುರುವಾದ ಮೇಲೆ ಶಿರಸಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಚಿತ್ರಗಳ ಪುಸ್ತಕ ತೆಗೆದರು. ಜಪಾನಿನ ಶಿನೋಬು ಇಶಿಹಾರಾ ಎಂಬ ನೇತ್ರವೈದ್ಯ 1917ರಲ್ಲಿ ಪ್ರಕಟಿಸಿದ್ದು, ಇಂದಿಗೂ ಅದೇ ಪರೀಕ್ಷೆ. ಹೆಚ್ಚಿನ ಪುಟಗಳಲ್ಲಿ ನನಗೆ ಕಂಡಿದ್ದು ಬರೀ ಚುಕ್ಕಿ. ಡಾಕ್ಟರು ಪುಸ್ತಕ ಮುಚ್ಚಿ ಕೇಳಿದರು, "ನಿಮ್ಮ ತಾಯಿಯ ತಂದೆಗೆ ಹೀಗಿತ್ತಾ?"

ಕೆಂಪು-ಹಸಿರಿನ ಈ ಗೊಂದಲ ಬರುವುದು ಎಕ್ಸ್ ಕ್ರೋಮೋಸೋಮಿನಲ್ಲಂತೆ. ಗಂಡಸರಿಗೆ ಎಕ್ಸ್ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು. ಹೆಂಗಸರಿಗೆ ಎರಡಿರುವುದರಿಂದ ಒಂದು ಕೈಕೊಟ್ಟರೂ ಸಾಮಾನ್ಯವಾಗಿ ಇನ್ನೊಂದು ಸಂಭಾಳಿಸುತ್ತದೆ. ಹಾಗಾಗಿ ಅಜ್ಜನಿಂದ ಮಗಳಿಗೆ ಸದ್ದಿಲ್ಲದೆ ಬಂದು, ಮೊಮ್ಮಗನಲ್ಲಿ ಎದ್ದು ಕೂರುತ್ತದೆ. ಯುರೋಪ್ ಮೂಲದ ಗಂಡಸರಲ್ಲಿ ಹೆಚ್ಚುಕಮ್ಮಿ ಹನ್ನೆರಡರಲ್ಲಿ ಒಬ್ಬನಿಗೆ ಇದು ಇದೆ.

ನನ್ನ ಅಜ್ಜನಮನೆ ಯಲ್ಲಾಪುರದ ಕಡೆ. ಅಜ್ಜ ತೀರಿಕೊಂಡು ವರ್ಷಗಳಾಗಿದ್ದವು. ಬಸ್ಸಿನಲ್ಲಿ ಸಿದ್ದಾಪುರಕ್ಕೆ ವಾಪಸ್ ಬರುವಾಗ ಅವನೇ ತಲೆಯಲ್ಲಿ ಓಡಾಡಿದ. ಅಜ್ಜ ಮೆಣಸು ಕೊಯ್ಯುವಾಗ ಪ್ರತಿ ಗೊಂಚಲನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಹಣ್ಣಾದ ಕಾಳು ಮೆತ್ತಗಿರುತ್ತದೆ, ಸಿಪ್ಪೆ ಜಾರುತ್ತದೆ. ಅನುಮಾನ ಬಂದರೆ ಬಾಯಿಗೆ ಹಾಕುತ್ತಿದ್ದ. ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅಂತ ಅಡಿಕೆ ಆರಿಸುವಾಗ ಅಮ್ಮಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಮುಟ್ಟುತ್ತಿರಲಿಲ್ಲ. ಪಂಚೆ ಬಿಟ್ಟು ಬೇರೆ ಬಟ್ಟೆಯನ್ನು ತಾನಾಗಿ ಕೊಂಡಿದ್ದೇ ಇಲ್ಲ. ಹೆಬ್ಬೆರಳಿನ ಬಗ್ಗೆ ಒಮ್ಮೆ ಕೇಳಿದ್ದಕ್ಕೆ ಅಂದಿದ್ದ: "ತಮಾ, ಕಣ್ಣು ಸುಳ್ಳು ಹೇಳ್ತು, ಕೈ ಹೇಳ್ತಿಲ್ಲೆ." ದೊಡ್ಡ ವೇದಾಂತ ಅಂದುಕೊಂಡಿದ್ದೆ. ಅವ ನಿಜಸಂಗತಿ ಹೇಳಿದ್ದ!

ಆಯಿಯನ್ನು ಕೇಳಿದೆ. ಒಲೆ ಮುಂದಿಂದ ತಿರುಗದೆಯೇ ಅಂದಳು, "ಹೌದು ಮಾರಾಯ, ಅಪ್ಪಯ್ಯಂಗೂ ಹಾಂಗೇ ಆಗ್ತಿತ್ತು. ಅದೆಲ್ಲ ಯಾರು ಮಾತಾಡ್ತಿದ್ದ?"

ಅಲ್ಲಿಂದ ಈ ವಿಷಯ ಹುಡುಕಿಕೊಂಡು ಓದುವ ಹುಚ್ಚು ಹಿಡಿಯಿತು. ಗೇಮ್ ಮಾಡುವವರು ಇದನ್ನು ಆಕ್ಸೆಸಿಬಿಲಿಟಿ ಅನ್ನುತ್ತಾರೆ. ನಾನು ಕಂಡ ಆಪ್ಷನ್ ಅದರ ಒಂದು ಸಣ್ಣ ಮೂಲೆ ಅಷ್ಟೆ. ಆ ಪಬ್‌ಜಿಯಲ್ಲೇ ಹತ್ತಿರದ ಹೆಜ್ಜೆ ಸಪ್ಪಳ, ಗುಂಡಿನ ಸದ್ದು ಮ್ಯಾಪಿನಲ್ಲಿ ಗುರುತಾಗಿ ಮೂಡುತ್ತವೆ. ಕಿವಿ ಕೇಳದವರಿಗೆ ಅದೇ ಕಿವಿ. 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನಲ್ಲಿ ಎರಡು ದೊಡ್ಡ ಬಟನ್ನುಗಳಿವೆ. ಬೆರಳು ಆಡದವರು ಕಾಲಿನದೋ ಮೊಣಕೈಯದೋ ಸ್ವಿಚ್ಚನ್ನು ಅದಕ್ಕೆ ಜೋಡಿಸಿ ಆಡಬಹುದು. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮಿನಲ್ಲಿ ಇಂಥ 60ಕ್ಕೂ ಹೆಚ್ಚು ಸೆಟ್ಟಿಂಗುಗಳಿವೆ. ಅದನ್ನು ಮಾಡುವಾಗ ಬ್ರ್ಯಾಂಡನ್ ಕೋಲ್ ಎಂಬ ಅಂಧ ಆಟಗಾರರೇ ಸಲಹೆಗಾರರಾಗಿದ್ದರು. ಕಣ್ಣು ಪೂರ್ತಿ ಕಾಣದವರೂ ಬರೀ ಶಬ್ದದ ಸುಳಿವಿನಲ್ಲಿ ಅದನ್ನು ಕೊನೆಮುಟ್ಟಿಸಿದ್ದಾರೆ.

ಇದೆಲ್ಲ ಅಂಗವಿಕಲರಿಗೆ ಮಾತ್ರ ಅಂದುಕೊಳ್ಳುವವರಿಗೆ ಒಂದು ಲೆಕ್ಕ. ಯೂಬಿಸಾಫ್ಟ್ ಕಂಪನಿ 'ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್'ನಲ್ಲಿ ಸಬ್‌ಟೈಟಲ್ ಆಫ್ ಮಾಡಿ ಕೊಟ್ಟಿತ್ತು. ಆಡಿದವರಲ್ಲಿ ನೂರಕ್ಕೆ 60 ಜನ ಹುಡುಕಿಕೊಂಡು ಹೋಗಿ ಆನ್ ಮಾಡಿಕೊಂಡರು. ಮುಂದಿನ ಗೇಮಿನಲ್ಲಿ ಮೊದಲೇ ಆನ್ ಮಾಡಿ ಕೊಟ್ಟಾಗ ನೂರಕ್ಕೆ 95 ಜನ ಹಾಗೇ ಇಟ್ಟುಕೊಂಡರು. ರಾತ್ರಿ ಮಗು ಮಲಗಿದಾಗ ಸೌಂಡ್ ಕಮ್ಮಿ ಮಾಡಿ ಆಡುವ ಅಪ್ಪನಿಗೂ ಅದೇ ಸಬ್‌ಟೈಟಲ್ಲೇ ಗತಿ.

ಆದರೂ ಆಫೀಸಿನಲ್ಲಿ ವಾದ ಬರುತ್ತದೆ. 2018ರ 'ಸೆಲೆಸ್ಟ್' ಗೇಮಿನಲ್ಲಿ ಅಸಿಸ್ಟ್ ಮೋಡ್ ಇದೆ. ಆಟದ ವೇಗ ಇಳಿಸಬಹುದು, ಬೇಕಾದರೆ ಸಾಯದ ಹಾಗೆ ಮಾಡಿಕೊಳ್ಳಬಹುದು. "ಅದು ಚೀಟಿಂಗ್ ಅಲ್ವಾ?" ಅಂತ ಒಬ್ಬ ಕೇಳಿದ. ನಾನು ಅವನಿಗೆ ನಮ್ಮ ತೋಟದ ಕಥೆ ಹೇಳಿದೆ. ಅಪ್ಪಯ್ಯ ಹರೆಯದಲ್ಲಿ ಮರದಿಂದ ಮರಕ್ಕೆ ಹಾರುತ್ತಿದ್ದವ. ಈಗ ಅರವತ್ತು ದಾಟಿದೆ, ಮೊಣಕಾಲು ಕೇಳುವುದಿಲ್ಲ, ಕೊನೆ ಕೊಯ್ಯುವವರು ಸಿಗುವುದಿಲ್ಲ. ಕಾರ್ಬನ್ ಫೈಬರಿನ ಉದ್ದದ ದೋಟಿ ತಂದು, ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾನೆ. ಮರ ಹತ್ತಿಲ್ಲ ಅಂತ ಆ ಅಡಿಕೆಗೆ ಶಿರಸಿ ಮಾರುಕಟ್ಟೆಯಲ್ಲಿ ಯಾರಾದರೂ ರೇಟು ಕಮ್ಮಿ ಮಾಡಿದ್ದಾರಾ?

ಹಾಗೆ ನೋಡಿದರೆ ನಮ್ಮ ಚೌಕಾಬಾರವೇ ಇದಕ್ಕೆ ಒಳ್ಳೆಯ ಉದಾಹರಣೆ. ಒಬ್ಬರಿಗೆ ಹುಣಸೆಬೀಜ, ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಕಲ್ಲು, ಇನ್ನೊಬ್ಬರಿಗೆ ಅಡಿಕೆ ಹೋಳು. ಬಣ್ಣದ ಹಂಗೇ ಇಲ್ಲ, ಬೆರಳಲ್ಲಿ ಮುಟ್ಟಿದರೂ ಯಾರ ಕಾಯಿ ಅಂತ ಗೊತ್ತಾಗುತ್ತದೆ. ಲೂಡೋ ಬಂದು ಎಲ್ಲರಿಗೂ ಒಂದೇ ಆಕಾರದ ಕಾಯಿ ಕೊಟ್ಟಾಗ ನಾನು ಆಟದಿಂದ ಹೊರಬಿದ್ದೆ. ಕ್ಯಾಂಡಿ ಕ್ರಶ್ ಮತ್ತೆ ಒಳಗೆ ಕರೆಯಿತು. ಅದರಲ್ಲಿ ಪ್ರತಿ ಮಿಠಾಯಿಗೆ ಬಣ್ಣ ಬೇರೆ ಇರುವ ಹಾಗೇ ಆಕಾರವೂ ಬೇರೆ.

ಅಪ್ಪಯ್ಯನಿಗೆ ವಿಷಯ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಮುಂದಿನ ಮೆಣಸು ಕೊಯ್ಲಿನ ಹೊತ್ತಿಗೆ, ಏಣಿ ಹಿಡಿದು ನಿಂತವನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. "ಆಗಲೇ ಹೇಳಕಾಗಿತ್ತು" ಅಂದ. ನನಗೇ ಗೊತ್ತಿರಲಿಲ್ಲ ಅಪ್ಪಯ್ಯ ಅಂದೆ. ಆತ ಮಾತು ಮುಂದುವರಿಸಲಿಲ್ಲ. ಏಣಿ ನನ್ನ ಕಡೆ ವಾಲಿಸಿದ. ನಾನು ಹತ್ತಿ, ಅಜ್ಜನ ಹಾಗೆ ಹೆಬ್ಬೆರಳಲ್ಲಿ ಒತ್ತೊತ್ತಿ ಕೊಯ್ದೆ. ನಿಧಾನವಾಯಿತು, ಅರ್ಧ ದಿನಕ್ಕೆ ಒಂದೇ ಬುಟ್ಟಿ. ಬುಟ್ಟಿಯಲ್ಲಿ ಕೈಯಾಡಿಸಿ ನೋಡಿದ ಅಪ್ಪಯ್ಯ ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದು ಡಿಸ್ಟಿಂಕ್ಷನ್ನು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ನನಗೆ ಒಬ್ಬ ಅಕ್ಕನೂ ಇದ್ದಾಳೆ, ಆಯಿಯ ಎಕ್ಸ್ ಅವಳಿಗೂ ಹೋಗಿದೆ. ಶಿರಸಿಯಲ್ಲಿರುವ ಅವಳು ಕಳೆದ ವರ್ಷ ಫೋನ್ ಮಾಡಿ ಬೇಜಾರಿನಲ್ಲಿ ಹೇಳಿದಳು, ಮಗ ಶಾಲೆಯಲ್ಲಿ ಎಲೆಗೆ ಕಂದು ಬಣ್ಣ ಬಳಿದ ಅಂತ ಎಲ್ಲರೆದುರು ನಿಲ್ಲಿಸಿ ಬೈದರಂತೆ, ಗಮನ ಇಲ್ಲ ಅಂದರಂತೆ. ಆರು ವರ್ಷದ ಹುಡುಗ. ಫೋನ್ ಹಿಡಿದುಕೊಂಡೇ ನನಗೆ ಏಣಿಯ ಮೇಲಿನ ಆ ಮಧ್ಯಾಹ್ನ ನೆನಪಾಯಿತು. ಆ ವಾರವೇ ಹೋದೆ. ಎರಡು ಬಣ್ಣದ ಕಡ್ಡಿ ಎದುರಿಗೆ ಹಿಡಿದೆ. ಅವ ನನ್ನ ಮುಖ ನೋಡಿ ಅಂದ, "ಮಾವ, ಎರಡೂ ಒಂದೇ ಅಲ್ದಾ?"

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಶಾಲೆಗೂ ಹೋಗಿ ತಿಳಿಸಿ ಬಂದೆವು. ರಾತ್ರಿ ಕೂತು ನಾನೂ ಅಕ್ಕನೂ ಬಣ್ಣದ ಕಡ್ಡಿಗಳಿಗೆಲ್ಲ ಬಿಳಿ ಟೇಪ್ ಸುತ್ತಿ ಹೆಸರು ಬರೆದೆವು. ಅವನ ಫೋನ್ ಗೇಮಿನ ಸೆಟ್ಟಿಂಗ್ಸ್ ತೆಗೆದು ಆಪ್ಷನ್ನೂ ಆನ್ ಮಾಡಿಕೊಟ್ಟೆ.

ಮೊನ್ನೆ ಹೋದಾಗ ಚಿತ್ರ ತೋರಿಸಿದ. ಎಲೆಗಳೆಲ್ಲ ಹಸಿರು. ಪಕ್ಕದಲ್ಲಿ ನಿಂತ ಆನೆಯೂ ಹಸಿರು. ಅಯ್ಯೋ, ಟೇಪೇನಾದರೂ ಬಿಚ್ಚಿಹೋಯಿತಾ ಅಂತ ನಾನು ಕಡ್ಡಿಗಳ ಡಬ್ಬಿಗೆ ಕೈಹಾಕಿದೆ.

"ಅದು ಗೊತ್ತಿದ್ದೇ ಮಾಡಿದ್ದು ಮಾವ" ಅಂದ.