ಫೀಡರ್ ಮೇಲೇರಿದ ಮಧ್ಯಾಹ್ನ

ಏಪ್ರಿಲ್ ಕೊನೆ, ಬೆಂಗಳೂರಿನ ವರ್ತೂರಿನ ಅಂಚು. ಬೆಳಿಗ್ಗೆ ಹತ್ತಕ್ಕೇ ಶೆಡ್ಡಿನ ಸಿಮೆಂಟ್ ಶೀಟು ಕಾದು ಕೂತಿದೆ. ಜಾಲರಿ ಬಾಗಿಲು ತಳ್ಳಿದೊಡನೆ ಅಮೋನಿಯಾ ಘಾಟು ಕಣ್ಣಿಗೆ ಹೊಡೆಯುತ್ತದೆ. ಅದರ ಹಿಂದೆಯೇ ಕೆರೆಯ ಕಡೆಯಿಂದ ಕೊಳಚೆ ನಾತ. ಸುತ್ತ 36 ದಿನದ ಬ್ರಾಯ್ಲರ್ ಕೋಳಿಗಳು, ಎರಡೆರಡು ಕಿಲೋ ತೂಗುವಂಥವು. ನಾಳಿದ್ದು ಲಿಫ್ಟಿಂಗ್, ಮಾರಾಟಕ್ಕೆ ಹಿಡಿದೊಯ್ಯುವ ದಿನ.

ಅಣ್ಣನ ಮಗ ಫೀಡಿನ ಮೂಟೆ ಬಿಚ್ಚುತ್ತಿದ್ದಾನೆ.

"ಹಾಕ್ಬೇಡ. ಫೀಡರ್ ಎಲ್ಲಾ ಮೇಲಕ್ಕೆ ಎಳಿ."

"ತೂಕ ಇಳಿಯುತ್ತೆ ಚಿಕ್ಕಪ್ಪ."

ಇಳಿಯಬಹುದು, ಆ ಲೆಕ್ಕ ನಿಮ್ಮ ಎದೆಯಲ್ಲೂ ಚುಚ್ಚುತ್ತಿದೆ. ಆದರೆ ಈಗ ತಿಂದದ್ದು ಅರಗುವಾಗ ಹುಟ್ಟುವ ಶಾಖ ಏರುವುದು ಕೆಲವು ಗಂಟೆಗಳ ಮೇಲೆ, ಬಿಸಿಲು ನೆತ್ತಿ ಸುಡುವ ಹೊತ್ತಿಗೇ. ಕೋಳಿಗೆ ಬೆವರಿನ ಗ್ರಂಥಿಯಿಲ್ಲ. ಇಂಥ ಸೆಕೆಯಲ್ಲಿ ಆ ಶಾಖವನ್ನು ಹೆಚ್ಚಾಗಿ ತೇಕಿ, ಗಂಟಲಿನಿಂದಲೇ ಕಳೆಯಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು. ತಂಪು ಊರೆಂಬ ನಂಬಿಕೆಯಲ್ಲಿ ತಗ್ಗಾಗಿ ಕಟ್ಟಿದ ಶೆಡ್ಡು ಅಂಥ ಬಿಸಿಲನ್ನು ತಡೆಯದು. ನೀವೇ ಹಗ್ಗ ಎಳೆಯುತ್ತೀರಿ.

ನಸುಕಿನಲ್ಲಿ ಕೊಟ್ಟ ಫೀಡಿನಲ್ಲಿ ವಿಟಮಿನ್ ಸಿ ಬೆರೆತಿದೆ, ಕಿಲೋಗೆ 250 ಮಿಲಿಗ್ರಾಂ. ಕೋಳಿಯ ಮೂತ್ರಪಿಂಡ ಅದನ್ನು ತಾನೇ ತಯಾರಿಸುತ್ತದೆ, ಸೆಕೆಯಲ್ಲಿ ಅದು ಸಾಲದು. ನೀರಿಗೆ ಎಲೆಕ್ಟ್ರೋಲೈಟ್ ಪುಡಿ ಹಾಕಿಯಾಗಿದೆ.

ಎರಡು ಗಂಟೆ. ಮೋಡ ಮುಚ್ಚಿದೆ, ಎಲೆ ಅಲುಗದು. ಕರೆಂಟು ಹೋಗುತ್ತದೆ.

ಫ್ಯಾನುಗಳು ನಿಧಾನಿಸಿ ನಿಲ್ಲುತ್ತವೆ. ಆಗ ಕೇಳುತ್ತದೆ ಆ ಸದ್ದು: ಶೆಡ್ಡಿಗೆ ಶೆಡ್ಡೇ ತೇಕುತ್ತಿದೆ. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ಗಂಟಲು ಪಟಪಟ ಬಡಿಯುತ್ತದೆ. ಒಂದನ್ನು ಎತ್ತಿಕೊಳ್ಳಿ, ಎದೆ ಅಂಗೈಯನ್ನು ಸುಡುತ್ತದೆ. ಸಹಜವಾಗಿಯೇ 41 ಡಿಗ್ರಿ ದಾಟುವ ಮೈ. ಇನ್ನು ಐದಾರು ಡಿಗ್ರಿ ಏರಿದರೆ ಸಾವು. ತೇಕಿದಷ್ಟೂ ಇಂಗಾಲದ ಡೈಆಕ್ಸೈಡ್ ಹೋಗಿ ರಕ್ತ ಕ್ಷಾರವಾಗುತ್ತದೆ, ಮೂತ್ರದಲ್ಲಿ ಪೊಟ್ಯಾಸಿಯಂ ಸೋರುತ್ತದೆ. ಬೆಳಗಿನ ಪುಡಿ ಆ ನಷ್ಟಕ್ಕೇ ಇತ್ತು. ಬಿದ್ದ ಮೇಲೆ ಕುಡಿಸಿ ಏಳಿಸುವ ಮದ್ದಲ್ಲ ಅದು.

"ಸ್ಪ್ರೇಯರ್ ತರ್ಲಾ?"

"ಒಳಗೆ ಬೇಡ! ಶೀಟಿನ ಮೇಲೆ ಹೊಡಿ!"

ಗಾಳಿಯಿಲ್ಲದ ಕಡೆ ನೀರು ಚಿಮ್ಮಿಸಿದರೆ ತೇವ ತುಂಬಿ, ಗಂಟಲಿನ ಪಸೆ ಆರಲು ಎಡೆಯೇ ಇರದು. ಜನರೇಟರಿನ ಹಗ್ಗ ಎಳೆಯುತ್ತೀರಿ. ಕೆಮ್ಮುತ್ತದೆ. ಮತ್ತೆ ಎಳೆಯುತ್ತೀರಿ. ಮೂಲೆಯಲ್ಲೊಂದು ಕೋಳಿ ಅಂಗಾತ ಬಿದ್ದು ಕಾಲು ಒದರುತ್ತದೆ. ಪಕ್ಕದಲ್ಲಿ ಇನ್ನೊಂದು. ಮತ್ತೆ. ಹೊಗೆ, ಗುಡುಗು, ಮೊದಲ ಫ್ಯಾನು ತಿರುಗುತ್ತದೆ.

ಓಡಬೇಡಿ, ಗಾಬರಿಯೂ ಕೊಲ್ಲುತ್ತದೆ. ಮೆಲ್ಲಗೆ ನಡುವೆ ನಡೆಯಿರಿ, ಕೂತವು ಎದ್ದರೆ ಮೈಯಡಿ ಸಿಕ್ಕಿಬಿದ್ದ ಬಿಸಿ ಬಿಡುಗಡೆಯಾಗುತ್ತದೆ. ನಿಪ್ಪಲ್ ಪೈಪಿನ ತುದಿ ಬಿಚ್ಚಿ, ಕಾದ ನೀರು ಹರಿದು ಹೋಗಲಿ. ತಣ್ಣನೆಯದು ಬಂದೊಡನೆ ಕೊಕ್ಕುಗಳು ಮುತ್ತುತ್ತವೆ.

ಐದಕ್ಕೆ ಹುಡುಗ ಹಗ್ಗದ ಗಂಟಿನ ಬಳಿ ನಿಂತು ಮುಖ ನೋಡುತ್ತಾನೆ. "ಇಳಿಸ್ಲಾ ಚಿಕ್ಕಪ್ಪ? ಹಸಿದಿವೆ."

"ತೇಕೋದು ನಿಲ್ಲಲಿ. ರಾತ್ರಿ ಎಂಟಕ್ಕೆ, ಎಲ್ಲಾ ಸಾಲೂ ಒಟ್ಟಿಗೆ. ಒಂದೇ ಸಾಲು ಇಳಿಸಿದ್ರೆ ಒಂದರ ಮೇಲೊಂದು ಬಿದ್ದು ಸಾಯ್ತವೆ."