ಕಿವಿ ಖಾಲಿ ಇದೆಯಾ? ಹಾಗಾದ್ರೆ ಇವನ್ನು ಕೇಳಿ

ಮುಂಬಯಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಹೋಗಲು ಒಂದೂಕಾಲು ಗಂಟೆ, ಬರಲೂ ಅಷ್ಟೇ. ಮೊದಲೆಲ್ಲ ಕೈಯಲ್ಲೊಂದು ಪುಸ್ತಕ ಇರುತ್ತಿತ್ತು. ಈಗ ಚಾಳೀಸು ಬಂದಿದೆ. ಒಂದು ಕೈ ಹಿಡಿಕೆಗೆ, ಇನ್ನೊಂದು ಬ್ಯಾಗಿಗೆ. ಖಾಲಿ ಉಳಿದದ್ದು ಕಿವಿ ಮಾತ್ರ! ಹೀಗೆ ಹತ್ತಿದ್ದು ಪಾಡ್‌ಕಾಸ್ಟ್ ಚಟ. ಅದರಲ್ಲೂ ನನಗೆ ಬೇಕಾದ್ದು ಎರಡೇ: ಚರಿತ್ರೆ ಮತ್ತು ಸೃಜನಶೀಲತೆ. ಬಿ.ಕಾಂ. ಸಿಲಬಸ್ಸಿನಲ್ಲಿ ಎರಡೂ ಇರಲಿಲ್ಲ ನೋಡಿ...

ಮೊದಲ ಶಿಫಾರಸು, 'ಎ ಹಿಸ್ಟರಿ ಆಫ್ ದ ವರ್ಲ್ಡ್ ಇನ್ 100 ಆಬ್ಜೆಕ್ಟ್ಸ್'. ಬಿಬಿಸಿ ರೇಡಿಯೋ 4 ಮತ್ತು ಬ್ರಿಟಿಷ್ ಮ್ಯೂಸಿಯಂ ಸೇರಿ 2010ರಲ್ಲಿ ಮಾಡಿದ್ದು. ಆಗ ಮ್ಯೂಸಿಯಂನ ನಿರ್ದೇಶಕರಾಗಿದ್ದ ನೀಲ್ ಮ್ಯಾಕ್‌ಗ್ರೆಗರ್ ನೂರು ವಸ್ತುಗಳನ್ನು ಆರಿಸಿ, ಹದಿನೈದು ನಿಮಿಷಕ್ಕೆ ಒಂದರಂತೆ ಕಥೆ ಹೇಳುತ್ತಾರೆ. ಸಿಂಧೂ ಕಣಿವೆಯ ಮುದ್ರೆ ಇದೆ, ಅಶೋಕನ ಸ್ತಂಭದ ತುಂಡೂ ಇದೆ. ನಮ್ಮಂಥ ಬ್ಯಾಂಕಿನವರಿಗಂತೂ ಹಬ್ಬ: ಲಿಡಿಯಾದ ದೊರೆ ಕ್ರೀಸಸ್‌ನ ಚಿನ್ನದ ನಾಣ್ಯ, ಚೀನಾದ ಮಿಂಗ್ ಕಾಲದ ಕಾಗದದ ನೋಟು, 99ನೆಯದಾಗಿ ಕ್ರೆಡಿಟ್ ಕಾರ್ಡ್! ಆ ಮಿಂಗ್ ನೋಟಿನ ಮೇಲೆ ನಾಣ್ಯದ ಸರಗಳ ಚಿತ್ರವೇ ಇದೆ. ಖೋಟಾ ನೋಟು ಮಾಡಿದರೆ ಮರಣದಂಡನೆ ಎಂಬ ಎಚ್ಚರಿಕೆಯೂ ಅಚ್ಚಾಗಿದೆ. ಆದರೇನು, ಸರ್ಕಾರವೇ ಮಿತಿಮೀರಿ ಅಚ್ಚು ಹಾಕಿ ಅದರ ಬೆಲೆ ಕುಸಿಯಿತು. ನೋಟು ನಡೆಯುವುದು ಜನರ ನಂಬಿಕೆಯ ಮೇಲೆ. 2016ರ ನವೆಂಬರಿನಲ್ಲಿ ಕೌಂಟರಿನ ಹಿಂದೆ ಕೂತು ಜನರ ಮುಖ ನೋಡಿದ್ದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡನೆಯದು ಮಾಲ್ಕಂ ಗ್ಲ್ಯಾಡ್‌ವೆಲ್ ಅವರ 'ರಿವಿಷನಿಸ್ಟ್ ಹಿಸ್ಟರಿ'. 2016ರ ಮೊದಲ ಸರಣಿಯಲ್ಲಿ 'ಹಲ್ಲೆಲೂಯಾ' ಅಂತ ಒಂದು ಕಂತಿದೆ, ಬಿಡಬೇಡಿ. ಲಿಯೊನಾರ್ಡ್ ಕೊಹೆನ್ ಆ ಹಾಡನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದರು. 1984ರಲ್ಲಿ ಹೊರಬಂದಾಗ ಹೆಚ್ಚು ಜನ ತಿರುಗಿಯೂ ನೋಡಲಿಲ್ಲ. 1991ರಲ್ಲಿ ಜಾನ್ ಕೇಲ್, 1994ರಲ್ಲಿ ಜೆಫ್ ಬಕ್ಲಿ ಹಾಡಿದ ಮೇಲೆ ನಿಧಾನವಾಗಿ ಲೋಕಪ್ರಸಿದ್ಧವಾಯಿತು. ಇಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಗ್ಯಾಲೆನ್ಸನ್ ಅವರ ಒಂದು ವಾದ ಬರುತ್ತದೆ. ಪಿಕಾಸೋ ಥರದವರಿಗೆ ಚಿಕ್ಕ ವಯಸ್ಸಿನಲ್ಲೇ ಥಟ್ಟನೆ ಹೊಳೆಯುತ್ತದಂತೆ; ಸೆಜಾನ್ ಥರದವರು ತಡವರಿಸುತ್ತಾ, ಅಳಿಸುತ್ತಾ, ವಯಸ್ಸಾದ ಮೇಲೆ ದಾರಿ ಕಾಣುತ್ತಾರಂತೆ. ನಿವೃತ್ತಿಗೆ ಮೂರೇ ವರ್ಷ ಉಳಿದವನಿಗೆ ಇದೆಂಥ ಸಮಾಧಾನ ಅಂತೀರಿ!

ಮೂರನೆಯದು ನಮ್ಮದೇ, 'ತಲೆ-ಹರಟೆ'. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರು 2018ರಲ್ಲಿ ಶುರು ಮಾಡಿದ್ದು. ಅತಿಥಿಗಳನ್ನು ಕೂರಿಸಿಕೊಂಡು ಇತಿಹಾಸ, ಭಾಷೆ, ವಿಜ್ಞಾನ ಎಲ್ಲವನ್ನೂ ಆಡುಗನ್ನಡದಲ್ಲಿ ಹರಟುತ್ತಾರೆ.

ಇದು ನನಗೆ ಯಾಕೆ ಮುಖ್ಯ ಅಂದರೆ, ನನ್ನ ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳ ಪಾಲಿಗೆ ಕನ್ನಡ ಎಂದರೆ 'ಊಟ ಆಯ್ತಾ', 'ಲೈಟ್ ಆರಿಸು' ಇಷ್ಟೇ ಆಗಿಬಿಡುತ್ತದೇನೋ ಎಂಬ ಹೆದರಿಕೆ ನನಗೆ ಒಳಗೊಳಗೇ ಇತ್ತು. ಈಗ ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಕೇಳುತ್ತೇವೆ. ಒಂದು ದಿನ ಮಾತಿನ ಮಧ್ಯೆ ಶಾಸನದ ವಿಷಯ ಬಂತು. ಅವಳು ತಡೆದು, "ಅಪ್ಪಾ, ಶಾಸನ ಅಂದ್ರೆ ಗವರ್ನಮೆಂಟ್ ಅಲ್ವಾ? ಅದನ್ನ ಕಲ್ಲಲ್ಲಿ ಹೇಗೆ ಕೆತ್ತೋದು?" ಅಂದಳು. ಮರಾಠಿಯ ಅರ್ಥ ಅವಳಿಗೆ ಮೊದಲು ಸಿಕ್ಕಿತ್ತು! ಅಲ್ಲಿಂದ ಮಾತು ಹಲ್ಮಿಡಿಗೆ ಹೋಯಿತು. ಮುಂದಿನ ಸಲ ಊರಿಗೆ ಹೋದಾಗ ಬೇಲೂರಿನ ಕಡೆ ಹೋಗೋಣ ಅಂತ ಅವಳೇ ಹೇಳಿದ್ದಾಳೆ. ಅಕ್ಷರ ಕಲಿಯುತ್ತಾಳೋ ಇಲ್ಲವೋ, ಒತ್ತಾಯ ಮಾಡುವುದಿಲ್ಲ. ಕೇಳಬೇಕು ಅನ್ನಿಸಿದೆಯಲ್ಲ, ಸದ್ಯಕ್ಕೆ ಸಾಕು.

ನಿಮ್ಮ ಮನೆಯಲ್ಲೂ ಓದಲು ಬಾರದ ಕನ್ನಡದ ಮಕ್ಕಳಿದ್ದರೆ, ಮೂರನೆಯದರಿಂದಲೇ ಶುರು ಮಾಡಿ. ಜೊತೆಗೆ ಕೂತು ಕೇಳಿ, ಅಷ್ಟೇ.